ಚಿನ್ನದ ಮೆಟ್ಟಿಲಲ್ಲಿ ಐದು ಶನಿವಾರ

ಯಾಕಿಮಾ ಕಣಿವೆಯಲ್ಲಿ ಮಕ್ಕಳನ್ನು ಫುಟ್‌ಬಾಲಿಗೆ ಹಾಕಿದ ತಂದೆತಾಯಂದಿರ ಫೋನುಗಳಲ್ಲೆಲ್ಲ ಒಫೀಲಿಯಾ ಮದ್ರಿಗಾಲಳ ನಂಬರು ಇರುತ್ತಿತ್ತು. ಹಾಗೆಂದು ಅವಳೇನೂ ಕೋಚ್ ಅಲ್ಲ, ರೆಫರಿಯೂ ಅಲ್ಲ. ಜನ್ಮದಲ್ಲಿ ಒಂದು ಸಲವೂ ಚೆಂಡು ಒದ್ದವಳಲ್ಲ. ಬೆಳಿಗ್ಗೆ ಎದ್ದು ಹಳದಿ ಸ್ಕೂಲ್ ಬಸ್ ಓಡಿಸುವುದು ಅವಳ ಕೆಲಸ. ಆದರೆ ಕಣಿವೆಯ ಮಕ್ಕಳ ಲೀಗಿನಲ್ಲಿ ಯಾವ ತಂಡ ಯಾವ ದರ್ಜೆಯಲ್ಲಿ ಆಡಬೇಕು, ಯಾವ ಶನಿವಾರ ಯಾವ ಮೈದಾನದಲ್ಲಿ ಯಾರ ಎದುರು ಆಡಬೇಕು ಎನ್ನುವ ಪಟ್ಟಿ ಹದಿನೇಳು ವರ್ಷಗಳಿಂದ ಅವಳ ಅಡುಗೆಮನೆಯ ಮೇಜಿನ ಮೇಲೆಯೇ ಹುಟ್ಟುತ್ತಿತ್ತು. ಸಂಬಳವಿಲ್ಲದ ಕೆಲಸ, ಬೈಗುಳಕ್ಕೆ ಮಾತ್ರ ಕೊರತೆಯಿರಲಿಲ್ಲ.

ಪಟ್ಟಿ ಹೊರಬಿದ್ದ ದಿನ ಫೋನು ಕೆಳಗಿಡಲು ಆಗುತ್ತಿರಲಿಲ್ಲ. ಹೊಸದಾಗಿ ಬಂದ ತಾಯಂದಿರ ಪ್ರಶ್ನೆ ಒಂದೇ: ಇದೇನು ಕಂಚು, ಬೆಳ್ಳಿ, ಚಿನ್ನ? ನನ್ನ ಮಗಳು ಯಾಕೆ ಕೆಳಗೆ?

ಒಫೀಲಿಯಾ ಬೀನ್ಸ್ ಕುದಿಯುವ ಪಾತ್ರೆಯಲ್ಲಿ ಸೌಟು ಆಡಿಸುತ್ತಲೇ ಹೇಳುತ್ತಿದ್ದಳು: "ನೋಡಮ್ಮ, ಎಲ್ಲಕ್ಕಿಂತ ಕೆಳಗೆ ಊರಿನ ಆಟ. ಅಲ್ಲಿ ಹೆಸರು ಕೊಟ್ಟೋರೆಲ್ಲ ಆಡಬಹುದು, ಯಾರು ಗೆದ್ರು ಅಂತ ಬರೆದಿಡೋದೂ ಇಲ್ಲ. ಅದರ ಮೇಲೆ ನಮ್ಮ ಕಣಿವೆ ಲೀಗು. ಅದರಲ್ಲಿ ಮೂರು ಮೆಟ್ಟಿಲು. ಕಂಚು, ಬೆಳ್ಳಿ, ಚಿನ್ನ. ಪ್ರತಿ ಮೆಟ್ಟಿಲಲ್ಲೂ ಮೊದಲು ಬಂದ ಎರಡು ತಂಡ ಮುಂದಿನ ಸಲ ಮೇಲೆ ಹತ್ತುತ್ವೆ, ಕೊನೇಲಿರೋ ಎರಡು ಕೆಳಗಿಳೀತ್ವೆ. ಚಿನ್ನದಲ್ಲೂ ಗೆದ್ದು ಗೆದ್ದು ಬೇಜಾರಾದೋರಿಗೆ ಇಡೀ ರಾಜ್ಯದ ಲೀಗಿದೆ, ಅದಕ್ಕೆ ಬೆಟ್ಟ ದಾಟಿ ಸಿಯಾಟಲ್ ಕಡೆಗೆ ಹೋಗ್ಬೇಕು. ಅದರ ಮೇಲೂ ಒಂದಿದೆ, ದೇಶದ್ದು. ಅಲ್ಲಿಗೆ ವಿಮಾನ ಹತ್ತಿ ಹೋಗ್ತಾರೆ. ಅದರ ಯೋಚನೆ ನಿನಗೆ ಈಗ ಬೇಡ. ಮಗಳಿಗೆಷ್ಟು ವಯಸ್ಸು?"

"ಒಂಬತ್ತು."

"ಒಂಬತ್ತಲ್ವಾ! ಬೂಟಿನ ಲೇಸು ಸರಿಯಾಗಿ ಕಟ್ಕೊಳ್ಳೋದನ್ನ ಕಲಿಸು ಮೊದಲು."

ಗಂಡ ಬೌದೇಲಿಯೊ ಮೇಜಿನ ಆಚೆ ಕೂತು ನಗುತ್ತಿದ್ದ. ಅವನು ಹಾಪ್ಸ್ ತೋಟದ ಮೇಸ್ತ್ರಿ. ಬಿಯರಿಗೆ ಕಹಿ ಕೊಡುವ ಆ ಬಳ್ಳಿಗಳ ನಡುವೆಯೇ ಮೂವತ್ತು ವರ್ಷ ಕಳೆದವನು. "ಮುದುಕಿ, ನೀನು ದೇಶದ ಅಧ್ಯಕ್ಷೆ ಆಗಿದ್ರೂ ಇಷ್ಟು ಫೋನು ಬರ್ತಿರ್ಲಿಲ್ಲ" ಎನ್ನುತ್ತಿದ್ದ.

ಅವಳು ಈ ಕೆಲಸಕ್ಕೆ ಬಂದದ್ದೂ ಒಂದು ಕೇಕಿನ ದೆಸೆಯಿಂದ.

ದಕ್ಷಿಣದ ಗಡಿಯಾಚೆ ಮಿಚೋಕಾನಿನ ಹಳ್ಳಿಯೊಂದರಿಂದ ಅಪ್ಪ ಅಮ್ಮನ ಜೊತೆ ಕಣಿವೆಗೆ ಬಂದಾಗ ಒಫೀಲಿಯಾಗೆ ಹದಿನಾರು ವರ್ಷ. ಹದಿನೇಳಕ್ಕೆ ಸೇಬಿನ ಕಾರ್ಖಾನೆ ಸೇರಿ, ಹನ್ನೊಂದು ವರ್ಷ ಬೆಲ್ಟಿನ ಮೇಲೆ ಹರಿದು ಬರುವ ಸೇಬುಗಳನ್ನು ದರ್ಜೆ ಪ್ರಕಾರ ಆರಿಸಿದಳು. ಆಮೇಲೆ ಬಸ್ಸಿನ ಲೈಸೆನ್ಸ್ ಮಾಡಿಸಿಕೊಂಡಳು. ಮಗಳು ಇಟ್ಸೆಲ್‌ಗೆ ಕಾಲಲ್ಲಿ ಚುರುಕು ಇತ್ತು. ಹತ್ತನೇ ವಯಸ್ಸಿಗೇ ಮೇಲಿನ ತಂಡಕ್ಕೆ ಸೇರಿಸಿಕೊಂಡರು. ಮರುವರ್ಷ ಕೋಚ್ ತಂದೆತಾಯಂದಿರನ್ನು ಕರೆಸಿ ಗಡಗಡನೆ ಇಂಗ್ಲಿಷಿನಲ್ಲಿ ಮಾತಾಡಿದ. ಒಫೀಲಿಯಾಗೆ ಅರ್ಥವಾದದ್ದು ಒಂದೇ ಮಾತು: ಇಟ್ಸೆಲ್, ಕಂಚು. ಕಂಚು ಎಂದರೆ ಪದಕ ಎಂದುಕೊಂಡಳು. ಕೋಚಿನ ಕೈ ಕುಲುಕಿ, ಎರಡೆರಡು ಸಲ ಥ್ಯಾಂಕ್ಸ್ ಹೇಳಿ, ಬರುವಾಗ ದಾರಿಯಲ್ಲಿ ಸ್ಟ್ರಾಬೆರಿ ಹಾಕಿದ, ಮೂರು ಬಗೆಯ ಹಾಲಿನಲ್ಲಿ ನೆನೆಸಿದ ಕೇಕು ತಂದಳು. ನೆಂಟರನ್ನೂ ಕರೆದಳು. ಕೇಕಿನ ಮೇಲೆ ಬರೆಸಿದ್ದ ತನ್ನ ಹೆಸರನ್ನೂ ಕಂಚು ಎನ್ನುವ ಮಾತನ್ನೂ ನೋಡಿದ್ದೇ ತಡ, ಮಗಳು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. "ನನ್ನನ್ನ ಕೆಳಗೆ ಹಾಕಿದ್ದಾರಮ್ಮ! ಕೆಳಗೆ!" ಎಂದು ಒಳಗಿನಿಂದ ಕೂಗಿದಾಗ ನೆಂಟರು ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟಿದ್ದರು.

ಮುಂದಿನ ವಾರ ಒಫೀಲಿಯಾ ಲೀಗಿನ ಸಭೆಗೆ ಹೋಗಿ ಕೈ ಎತ್ತಿದಳು. "ಈ ಮೆಟ್ಟಿಲುಗಳ ಲೆಕ್ಕ ಏನು ಅಂತ ನಮ್ಮ ಭಾಷೇಲಿ ಹೇಳೋರು ಯಾರಾದ್ರೂ ಇದ್ದಾರಾ?" ಯಾರೂ ಇರಲಿಲ್ಲ. "ಹಾಗಾದ್ರೆ ನನಗೆ ಕಲಿಸಿ, ನಾನು ಹೇಳ್ತೀನಿ" ಅಂದಳು. ಕಲಿಸಿದರು. ಎರಡು ವರ್ಷದಲ್ಲಿ ಪಟ್ಟಿ ಬರೆಯುವ ಮುದುಕ ಊರು ಬಿಟ್ಟ. ಕಡತಗಳ ಡಬ್ಬವನ್ನು ಅವಳ ಬಸ್ಸಿನ ಮೆಟ್ಟಿಲ ಮೇಲೆ ಇಟ್ಟು ಹೋದ. ಇಟ್ಸೆಲ್ ಒಂದು ವರ್ಷ ಕಂಚಿನಲ್ಲಿ ಆಡಿ, ಬೆಳ್ಳಿಗೆ ಹತ್ತಿ, ಹದಿನೈದಕ್ಕೆ ಆಟ ಬಿಟ್ಟು ಶಾಲೆಯ ಬ್ಯಾಂಡಿನಲ್ಲಿ ಕಹಳೆ ಊದಲು ಹೋದಳು. ತಾಯಿ ಮಾತ್ರ ಅಲ್ಲೇ ಉಳಿದಳು.

ಆ ಹದಿನೇಳು ವರ್ಷದಲ್ಲಿ ಅವಳಿಂದ ಸಣ್ಣಪುಟ್ಟ ತಪ್ಪುಗಳಾಗಿರಲಿಲ್ಲ ಎಂದಲ್ಲ. ಒಂದೇ ಮೈದಾನಕ್ಕೆ ಎರಡು ಪಂದ್ಯ, ಸೂರ್ಯ ಮುಳುಗಿದ ಮೇಲೆ ಒಂದು ಪಂದ್ಯ. ಆದರೆ ಐವತ್ತೆಂಟನೇ ವಯಸ್ಸಿನ ಆ ವಸಂತದಲ್ಲಿ ಆದದ್ದು ಅಂಥದಲ್ಲ.

ಹನ್ನೆರಡರ ಒಳಗಿನ ಹುಡುಗಿಯರ ವಿಭಾಗದಲ್ಲಿ ಎರಡು ತಂಡಗಳಿದ್ದವು. ಒಂದು ಹಿಲ್‌ಕ್ರೆಸ್ಟ್ ಹಾಕ್ಸ್. ಗುಡ್ಡದ ಮೇಲಿನ ಹೊಸ ಬಡಾವಣೆಯ ತಂಡ. ಹಲ್ಲಿನ ಡಾಕ್ಟರ್ ಲಿಂಡ್‌ಕ್ವಿಸ್ಟ್ ಅದರ ಕೋಚ್. ಮೂರು ವರ್ಷದಿಂದ ಚಿನ್ನದ ಮೆಟ್ಟಿಲಲ್ಲಿ ಬೇರು ಬಿಟ್ಟಿತ್ತು. ಇನ್ನೊಂದು ಹಿಲ್‌ಸೈಡ್ ಹಾಕ್ಸ್. ಸೇಬಿನ ತೋಟಗಳ ನಡುವಿನ ಮನೆಗಳ ಹುಡುಗಿಯರು. ತೋಟಕ್ಕೆ ನೀರು ಹಾಯಿಸುವ ಫರ್ಮಿನ್ ಅರಿಯಾಗ ಅವರ ಕೋಚ್. ಹಿಂದಿನ ಋತುವಿನಲ್ಲಿ ಕಂಚಿನಲ್ಲಿ ಮೂರನೆಯವರಾಗಿ, ಒಂದೇ ಒಂದು ಅಂಕದಿಂದ ಮೇಲೆ ಹತ್ತುವುದು ತಪ್ಪಿತ್ತು. ಫೆಬ್ರವರಿಯ ಒಂದು ಭಾನುವಾರ ಒಫೀಲಿಯಾ ಪಟ್ಟಿ ತುಂಬುವಾಗ ಹಿಲ್‌ಸೈಡನ್ನು ಹಿಲ್‌ಕ್ರೆಸ್ಟಿನ ಜಾಗದಲ್ಲೂ, ಹಿಲ್‌ಕ್ರೆಸ್ಟನ್ನು ಹಿಲ್‌ಸೈಡಿನ ಜಾಗದಲ್ಲೂ ಕೂರಿಸಿಬಿಟ್ಟಳು.

ಪಟ್ಟಿ ಪ್ರಕಟವಾಯಿತು. ತಕರಾರು ಹೇಳಲು ಒಂದು ವಾರ ಸಮಯವಿತ್ತು. ಯಾರೂ ಹೇಳಲಿಲ್ಲ. ಹಾಕ್ಸ್ ಎನ್ನುವ ಹೆಸರು ನೋಡಿ ಎಲ್ಲರೂ ಮುಂದೆ ಹೋದರು. ಅದಾದ ಮೇಲೆ ಫರ್ಮಿನ್ ಒಂದು ದಿನ ಫೋನು ಮಾಡಿದ. "ಡೋನ್ಯಾ ಒಫೀಲಿಯಾ," ಎಂದು ಗೌರವದಿಂದ ಕರೆದ, "ಹೇಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ. ನಮ್ಮ ಹುಡುಗೀರನ್ನ ಒಬ್ಬರಾದ್ರೂ ಕಣ್ಣಿಟ್ಟು ನೋಡಿದ್ರಲ್ಲ, ಅಷ್ಟೇ ಸಾಕು" ಅಂದ. ಅಭ್ಯಾಸಕ್ಕೆ ಮೈದಾನ ಹೊಂದಿಸಿ ಕೊಟ್ಟದ್ದಕ್ಕೆ ಹೇಳುತ್ತಿದ್ದಾನೆ ಎಂದುಕೊಂಡು ಅವಳು, "ಅಯ್ಯೋ, ಅದಕ್ಕೇನಂತೆ, ಅವರಿಗೆ ಸಿಗಬೇಕಾದ್ದೇ ತಾನೆ" ಎಂದಳು. ಮರುದಿನ ಅವನ ಹೆಂಡತಿ ಎರಡು ಡಜನ್ ತಮಾಲೆ ಕಳಿಸಿದಳು, ಮೆಕ್ಕೆಜೋಳದ ಹಿಟ್ಟಿನ ಕಡುಬು, ಹಂದಿಮಾಂಸದ್ದು, ಕೆಂಪು ಮೆಣಸಿನಕಾಯಿ ಹಾಕಿದ್ದು. ಒಫೀಲಿಯಾ, ಬೌದೇಲಿಯೊ ಮೂರು ದಿನ ಅದನ್ನೇ ತಿಂದರು.

ಏಪ್ರಿಲಿನ ಮೊದಲ ಶನಿವಾರ, ಸೇಬಿನ ಮರಗಳಲ್ಲಿ ಹೂ ಬಿಡುವ ಹೊತ್ತಿಗೆ, ಋತು ಶುರುವಾಯಿತು. ಮಧ್ಯಾಹ್ನ ಎರಡು ಗಂಟೆಗೆ ಕಂಚಿನ ಒಂದು ತಂಡದ ಕೋಚ್ ಫೋನು ಮಾಡಿದಳು.

"ಒಫೀಲಿಯಾ, ಇದು ಯಾವ ಸೀಮೆ ಕಂಚು? ಹನ್ನೊಂದು ಸೊನ್ನೆ! ಆ ಹುಡುಗೀರು ಕಣ್ಣು ಮುಚ್ಚಿ ಒದ್ರೂ ಗೋಲು. ನಮ್ಮ ಮಕ್ಕಳು ಕಾರಲ್ಲಿ ಕೂತು ಅಳ್ತಿದ್ದಾರೆ."

"ಯಾವ ತಂಡ ಅದು?"

"ಹಾಕ್ಸ್. ಆ ಹಲ್ಲಿನ ಡಾಕ್ಟರದ್ದು."

ಒಫೀಲಿಯಾ ಪಟ್ಟಿ ತೆಗೆದು ನೋಡಿದಳು. ಮತ್ತೊಂದು ಸಲ ನೋಡಿದಳು. ಮೂರನೇ ಸಲ ಎರಡು ಹಾಕ್ಸ್ ಹೆಸರುಗಳ ಮೇಲೂ ಬೆರಳಿಟ್ಟು ಓದಿದಳು. ಫರ್ಮಿನ್ ಫೋನಿನಲ್ಲಿ ಹೇಳಿದ ಮಾತು ಈಗ ಅರ್ಥವಾಯಿತು. ತಿಂದ ತಮಾಲೆಗಳೆಲ್ಲ ಒಂದೊಂದಾಗಿ ನೆನಪಾದವು.

"ಏನಾಯ್ತೇ?" ಬೌದೇಲಿಯೊ ಕೇಳಿದ.

"ಆ ಮಕ್ಕಳನ್ನ ಎತ್ತಿ ತೋಳಗಳ ಮಧ್ಯೆ ಬಿಟ್ಟಿದ್ದೀನಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಫರ್ಮಿನ್‌ನ ಹುಡುಗಿಯರು ಆಡುತ್ತಿದ್ದ ಮೈದಾನ ತಲುಪುವ ಹೊತ್ತಿಗೆ ಪಂದ್ಯ ಮುಗಿದಿತ್ತು. ಎಂಟು ಸೊನ್ನೆ. ಫರ್ಮಿನ್ ಗುರುತಿಗಿಟ್ಟ ಪ್ಲಾಸ್ಟಿಕ್ ಕೋನುಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದ. ಅವಳನ್ನು ಕಂಡು ಟೋಪಿ ತೆಗೆದ. "ಡೋನ್ಯಾ, ನಾಚಿಕೆ ಆಗ್ತಿದೆ ನಿಮ್ಮ ಮುಖ ನೋಡೋಕೆ. ಇಷ್ಟು ನಂಬಿಕೆ ಇಟ್ಟು ಮೇಲೆ ಹಾಕಿದ್ರಿ, ನಾವು ಹೀಗೆ ಮಾಡಿದ್ವಿ."

ಅಲ್ಲಿಯೇ ಹೇಳಬೇಕಾಗಿತ್ತು, ಹೇಳಲಿಲ್ಲ. ಹೇಳದೆ ಬಂದದ್ದಕ್ಕೆ ಆ ಭಾನುವಾರವೆಲ್ಲ ತನ್ನನ್ನು ತಾನೇ ಬೈದುಕೊಂಡಳು.

ಸೋಮವಾರ ಸಂಜೆ ಲೈಬ್ರರಿಯ ಕೋಣೆಯಲ್ಲಿ ಸಭೆ ಸೇರಿತು. ಲೀಗಿನ ಅಧ್ಯಕ್ಷ ಡ್ವೇನ್ ಪ್ರೂಯಿಟ್, ದನದ ಮೇವಿನ ಅಂಗಡಿಯವನು, ದೊಡ್ಡ ಮೈ, ಸಣ್ಣ ದನಿ. ಲಿಂಡ್‌ಕ್ವಿಸ್ಟ್ ಇಸ್ತ್ರಿ ಅಂಗಿಯಲ್ಲಿ ಬಂದಿದ್ದ. ಫರ್ಮಿನ್ ಮೊಣಕಾಲುದ್ದದ ರಬ್ಬರ್ ಬೂಟಿನಲ್ಲೇ ಬಂದು, ಕಾರ್ಪೆಟ್ ಕೊಳೆಯಾಗುತ್ತದೆಂದು ಬಾಗಿಲ ಹತ್ತಿರ ನಿಂತಿದ್ದ.

ಒಫೀಲಿಯಾ ಎದ್ದು ನಿಂತಳು. "ಎರಡು ಹೆಸರು ಅದಲು ಬದಲಾಗಿದೆ. ಮಾಡಿದ್ದು ನಾನು. ಕಂಪ್ಯೂಟರಿನ ತಪ್ಪಲ್ಲ, ಬೇರೆ ಯಾರದ್ದೂ ಅಲ್ಲ. ಫರ್ಮಿನ್, ನಿಮ್ಮ ಹುಡುಗೀರನ್ನ ಯಾರೂ ಮೇಲೆ ಹತ್ತಿಸಿರಲಿಲ್ಲ. ನನ್ನನ್ನ ಕ್ಷಮಿಸಿ."

ಫರ್ಮಿನ್‌ನ ಮುಖ ನೋಡಲು ಅವಳಿಗೆ ಧೈರ್ಯವಾಗಲಿಲ್ಲ. ಲಿಂಡ್‌ಕ್ವಿಸ್ಟ್ ಕುರ್ಚಿ ಮುಂದಕ್ಕೆಳೆದುಕೊಂಡ.

"ತಪ್ಪಾ? ಬರೀ ತಪ್ಪಾ ಇದು?"

"ಮತ್ತೇನಂದ್ಕೊಂಡ್ರಿ?"

"ಹೋದ ಋತುವಲ್ಲಿ ರೆಫರಿ ಜೊತೆ ಜಗಳ ಆಡಿದೆನಲ್ಲ. ಅದಕ್ಕೆ ಶಿಕ್ಷೆ ಅಂತ ತಿಳ್ಕೊಂಡೆ. ಕೇಳೋದಕ್ಕೆ ಮರ್ಯಾದೆ ಅಡ್ಡ ಬಂತು. ಮಾಡಿ ತೋರಿಸೋಣ ಅಂತ ಹುಡುಗೀರಿಗೆ ಹನ್ನೊಂದು ಗೋಲು ಹೊಡೆಯೋಕೆ ಬಿಟ್ಟೆ."

"ನಿಮ್ಮನ್ನ ಶಿಕ್ಷಿಸೋದಕ್ಕೆ ಇನ್ನೊಬ್ಬರ ಮಕ್ಕಳನ್ನ ಅಳಿಸ್ತೀವಾ ನಾವು? ಒಂದು ಫೋನು ಮಾಡೋಕಾಗ್ಲಿಲ್ವಾ ಡಾಕ್ಟ್ರೇ?"

ಡಾಕ್ಟರ್ ತಲೆ ತಗ್ಗಿಸಿದ. ಅವನ ಕಿವಿ ಕೆಂಪಗಾದದ್ದು ಎಲ್ಲರಿಗೂ ಕಂಡಿತು.

ನಿಯಮದ ಪುಸ್ತಕ ತೆರೆದರು. ಋತು ಶುರುವಾದ ಮೇಲೆ ತಂಡಗಳನ್ನು ಅದಲು ಬದಲು ಮಾಡಬೇಕಾದರೆ ಎರಡೂ ಕೋಚುಗಳ ಒಪ್ಪಿಗೆ ಬೇಕು. ಇಲ್ಲವೆಂದರೆ ಐದು ಪಂದ್ಯ ಮುಗಿದ ಮೇಲೆ, ಋತುವಿನ ಅರ್ಧದಲ್ಲಿ, ಸಮಿತಿಯೇ ಮಾಡಬಹುದು. ಲಿಂಡ್‌ಕ್ವಿಸ್ಟ್ ಈಗಲೇ ಮಾಡೋಣ ಅಂದ. ಫರ್ಮಿನ್ ಬಾಗಿಲಿಂದ ಕದಲದೆ ಹೇಳಿದ: "ನಾನೊಬ್ಬನೇ ಹೂಂ ಅನ್ನೋ ವಿಷಯ ಅಲ್ಲ ಇದು. ಮೇಲೆ ಹತ್ತಿದ್ದೀವಿ ಅಂತ ಅವರಿಗೆ ಹೇಳಿದವನು ನಾನು. ಊರಿಗೆಲ್ಲ ಊಟ ಹಾಕಿಸಿದ್ದೀವಿ. ಹುಡುಗೀರನ್ನೇ ಕೇಳ್ಬೇಕು."

"ಅವರಿಗೆ ಹೇಳೋದು ನಾನು" ಅಂದಳು ಒಫೀಲಿಯಾ. "ನೀವಲ್ಲ. ನೀವು ಪಕ್ಕದಲ್ಲಿ ನಿಂತಿರಿ ಸಾಕು."

ಮಂಗಳವಾರ ಬಸ್ಸಿನ ಕೊನೆಯ ಸುತ್ತು ಮುಗಿಸಿ, ಬಸ್ಸನ್ನು ನಿಲ್ದಾಣದಲ್ಲಿ ಬಿಟ್ಟು, ಸೇಬಿನ ಗೋದಾಮಿನ ಹಿಂದಿನ ಹುಲ್ಲಿನ ಬಯಲಿಗೆ ಹೋದಳು. ಹದಿನಾಲ್ಕು ಹುಡುಗಿಯರು ಚೆಂಡುಗಳ ಮೇಲೆ ಕೂತಿದ್ದರು. ಅರ್ಧಕ್ಕರ್ಧ ಜನ ಅವಳ ಬಸ್ಸಿನಲ್ಲೇ ಶಾಲೆಗೆ ಹೋಗುವವರು. ಯಾರು ಯಾವ ಸೀಟಿನಲ್ಲಿ ಕೂರುತ್ತಾರೆ, ಯಾರು ಕಿಟಕಿಗೆ ಚೂಯಿಂಗ್ ಗಮ್ ಅಂಟಿಸುತ್ತಾರೆ ಎಲ್ಲ ಅವಳಿಗೆ ಗೊತ್ತು. ಅದರಿಂದ ಹೇಳುವುದು ಸುಲಭವಾಗುತ್ತದೆಂದು ಎಣಿಸಿದ್ದಳು. ಹಾಗಾಗಲಿಲ್ಲ.

ಸುತ್ತಿಬಳಸದೆ ಹೇಳಿದಳು. ಹೆಸರು ತಪ್ಪಾಗಿ ಬರೆದೆ. ನೀವು ಕಂಚಿನಲ್ಲಿರಬೇಕಿತ್ತು. ತಪ್ಪು ನಿಮ್ಮದಲ್ಲ, ನಿಮ್ಮ ಕೋಚಿನದಲ್ಲ, ನನ್ನದು.

ಒಬ್ಬಳು ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡಳು. ಗೋಲಿನಲ್ಲಿ ನಿಲ್ಲುವ ಬ್ರಿಸೇಯ್ದಾ, ಉದ್ದನೆಯ ಕೈಯ, ಮುಂದಿನ ಹಲ್ಲು ಸ್ವಲ್ಪ ಮುರಿದ ಹುಡುಗಿ, ಕೇಳಿದಳು: "ಹಾಗಾದ್ರೆ ನಾವು ಚಿನ್ನ ಅಲ್ವಾ?"

"ಅಲ್ಲ ಕಂದಾ."

"ಯಾವತ್ತೂ ಆಗಿರ್ಲಿಲ್ವಾ?"

"ಇಲ್ಲ."

"ನಿಮ್ಮ ಬಸ್ಸಲ್ಲಿ ನಾವು ತಪ್ಪು ಮಾಡಿದ್ರೆ ಮುಂದಿನ ಸೀಟಲ್ಲಿ ಕೂರಿಸ್ತೀರ" ಅಂದಳು ಅರಾಸೆಲಿ ಎನ್ನುವ ಪುಟಾಣಿ, ತಂಡದಲ್ಲೇ ಕುಳ್ಳಿ. "ನಿಮ್ಮನ್ನ ಎಲ್ಲಿ ಕೂರಿಸೋದು?"

ಫರ್ಮಿನ್ ಗದರಲು ಬಾಯಿ ತೆರೆದ. ಒಫೀಲಿಯಾ ಕೈ ಅಡ್ಡ ಹಿಡಿದಳು. "ಸರಿಯಾಗೇ ಕೇಳಿದ್ದಾಳೆ. ಎಲ್ಲಿ ಕೂರು ಅಂತೀರೋ ಅಲ್ಲಿ ಕೂರ್ತೀನಿ."

"ನಮ್ಮ ಪಂದ್ಯಕ್ಕೆ ಬಂದು ಕೂರಿ. ಎಲ್ಲದಕ್ಕೂ. ಹೊಡೆಸ್ಕೊಳ್ಳೋದನ್ನ ನೀವೂ ನೋಡಿ."

"ಬರ್ತೀನಿ. ಆದರೆ ಎಲ್ಲಿ ಆಡ್ತೀರಿ ಅಂತ ಮೊದಲು ಹೇಳಿ. ನಾಳೆಯಿಂದಲೇ ಕಂಚಿಗೆ ಹೋಗ್ಬಹುದು. ಇಲ್ಲ ಅಂದ್ರೆ ಇನ್ನೂ ನಾಲ್ಕು ಪಂದ್ಯ ಚಿನ್ನದಲ್ಲೇ ಆಡಿ, ಆಮೇಲೆ ಇಳೀಬಹುದು. ನಿಮ್ಮಿಷ್ಟ."

ಗದ್ದಲವೆದ್ದಿತು. ಒಬ್ಬಳು, ನಮ್ಮಜ್ಜಿ ನೋಡುವಾಗ ಎಂಟು ಗೋಲು ಹೊಡೆಸಿಕೊಂಡೆವು, ಸಾಕು, ಅಂದಳು. ಇನ್ನೊಬ್ಬಳು, ಇಳಿದರೆ ಶಾಲೆಯಲ್ಲಿ ಆಡಿಕೊಳ್ಳುತ್ತಾರೆ, ಅಂದಳು. ಬ್ರಿಸೇಯ್ದಾ ಚೆಂಡಿನ ಮೇಲೆ ಎದ್ದು ನಿಲ್ಲಲು ಹೋಗಿ ಬಿದ್ದು, ನೆಲದಿಂದಲೇ ಕೂಗಿದಳು: "ಆ ಎಂಟನ್ನೂ ತಿಂದವಳು ನಾನು! ನೀವ್ಯಾರೂ ಅಲ್ಲ! ನಾನೇ ಇರೋಣ ಅಂತಿದ್ದೀನಿ."

"ಯಾಕೆ?"

"ಅವರು ಚೆಂಡನ್ನ ಹೇಗೆ ಬಗ್ಗಿಸಿ ಒದೀತಾರೆ ಅಂತ ನಂಗಿನ್ನೂ ಗೊತ್ತಾಗಿಲ್ಲ. ಇನ್ನೇನು ಗೊತ್ತಾಯ್ತು ಅನ್ನೋ ಹೊತ್ತಿಗೆ ಪಂದ್ಯ ಮುಗೀತು."

ಕೈ ಎತ್ತಿಸಿದರು. ಇರೋಣ ಎಂದವರು ಎಂಟು, ಇಳಿಯೋಣ ಎಂದವರು ಆರು. ಇಳಿಯೋಣ ಎಂದವರಲ್ಲಿ ಇಬ್ಬರು ಆಮೇಲೆ ಮನಸ್ಸು ಬದಲಾಯಿಸಿದರು, ಒಬ್ಬಳು ಇರೋಣ ಎಂದವಳೂ ಬದಲಾಯಿಸಿದಳು. ಫರ್ಮಿನ್ ಬೇಸತ್ತು, "ಇರ್ತೀವಿ, ಇರ್ತೀವಿ, ಈಗ ಓಡಿ ಎರಡು ಸುತ್ತು" ಎಂದು ಸಿಳ್ಳೆ ಹಾಕಿದ.

ಉಳಿದದ್ದು ಲಿಂಡ್‌ಕ್ವಿಸ್ಟ್‌ನ ಹುಡುಗಿಯರ ಪ್ರಶ್ನೆ. ಇನ್ನೂ ನಾಲ್ಕು ಶನಿವಾರ ಅವರನ್ನು ಕಂಚಿನ ಮಕ್ಕಳ ಮೇಲೆ ಛೂ ಬಿಡುವಂತಿರಲಿಲ್ಲ. ಒಫೀಲಿಯಾ ಎರಡು ಸಂಜೆ ಕೂತು ಪಟ್ಟಿ ಬಿಚ್ಚಿ ಕಟ್ಟಿದಳು. ಆ ನಾಲ್ಕು ವಾರ ಅವರು ಹದಿನಾಲ್ಕರ ಒಳಗಿನ ದೊಡ್ಡ ಹುಡುಗಿಯರ ಜೊತೆ ಸ್ನೇಹದ ಪಂದ್ಯ ಆಡುವುದೆಂದು ಮಾಡಿದಳು. ಡಾಕ್ಟರ್ ಗೊಣಗಿದ. ಮೊದಲ ಪಂದ್ಯದಲ್ಲಿ ಐದು ಒಂದರಿಂದ ಸೋತ. ಸೋತ ಮೇಲೆ ಅವಳಿಗೆ ಫೋನು ಮಾಡಿದ. ಅವಳು ಬೈಗುಳಕ್ಕೆ ಸಿದ್ಧಳಾಗಿ ಎತ್ತಿದಳು.

"ಒಂದು ವಿಚಿತ್ರ ಹೇಳ್ಲಾ?" ಅಂದ. "ಹುಡುಗೀರು ಸೋತು ನಗ್ತಾ ಬಂದ್ರು. ನನ್ನ ಮಗಳು ಕಾರಿನಲ್ಲಿ ದಾರಿಯುದ್ದಕ್ಕೂ ಆ ಪಂದ್ಯದ್ದೇ ಮಾತು. ಗೆದ್ದಾಗ ಒಂದು ದಿನವೂ ಬಾಯಿ ಬಿಟ್ಟವಳಲ್ಲ."

"ಒಳ್ಳೇದಾಯ್ತಲ್ಲ."

"ಒಳ್ಳೇದೋ ಕೆಟ್ಟದ್ದೋ, ಮುಂದಿನ ವಾರ ಬಿಡೋಲ್ಲ" ಎಂದು ಇಟ್ಟುಬಿಟ್ಟ.

ಫರ್ಮಿನ್‌ನ ಹುಡುಗಿಯರ ಎರಡನೇ ಶನಿವಾರ ಆರು ಸೊನ್ನೆ. ಒಫೀಲಿಯಾ ಮಡಿಸುವ ಕುರ್ಚಿ ತಂದು ಗೆರೆಯ ಹತ್ತಿರ ಕೂತಿದ್ದಳು; ಗೋಲು ಬಿದ್ದಾಗಲೆಲ್ಲ ಅರಾಸೆಲಿ ತಿರುಗಿ ಅವಳನ್ನು ನೋಡುತ್ತಿದ್ದಳು. ಕಣ್ಣು ತಪ್ಪಿಸಬಾರದೆಂದು ಒಫೀಲಿಯಾ ಆರು ಸಲವೂ ಅವಳನ್ನೇ ನೋಡಿದಳು. ಮೂರನೇ ಶನಿವಾರ ಗುಡ್ಡದ ಕಡೆಯಿಂದ ಗಾಳಿ ಎದ್ದು ಮೈದಾನವೆಲ್ಲ ಧೂಳು. ಏಳು ಬಿದ್ದಿದ್ದವು. ಕೊನೆಯ ಹತ್ತು ನಿಮಿಷ ಇರುವಾಗ ಬ್ರಿಸೇಯ್ದಾ ಒದ್ದ ಚೆಂಡನ್ನು ಗಾಳಿ ಹೊತ್ತುಕೊಂಡು ಹೋಗಿ ಎದುರಾಳಿಗಳ ತಲೆ ದಾಟಿಸಿತು. ಎಲ್ಲರೂ ಮೇಲೆ ನೋಡುತ್ತಿದ್ದಾಗ ಅರಾಸೆಲಿ ಕಾಲುಗಳ ನಡುವೆ ನುಸುಳಿ ಅದನ್ನು ಮೊಣಕಾಲಿನಿಂದಲೋ ಹೊಟ್ಟೆಯಿಂದಲೋ ಒಳಗೆ ತಳ್ಳಿದಳು. ಏಳು ಒಂದು. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಗುಡ್ಡೆಯಾದರು. ಅಜ್ಜಿಯರು ಪಾತ್ರೆ ಮುಚ್ಚಳ ಬಡಿದರು. ರೆಫರಿ, ಪಂದ್ಯ ಇನ್ನೂ ಮುಗಿದಿಲ್ಲ, ಎಂದು ಮೂರು ಸಲ ಸಿಳ್ಳೆ ಊದಬೇಕಾಯಿತು. ಎದುರಿನ ತಂಡದ ತಾಯಿಯೊಬ್ಬಳು ಒಫೀಲಿಯಾಳನ್ನು ಕೇಳಿದಳು, "ಇವರಿಗೆ ಸ್ಕೋರು ಗೊತ್ತಿದೆ ತಾನೆ?"

"ಅವರಿಗೆ ಗೊತ್ತಿರೋಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ" ಅಂದಳು ಒಫೀಲಿಯಾ. ಕುರ್ಚಿಯಿಂದ ತಾನು ಯಾವಾಗ ಎದ್ದು ನಿಂತೆ ಎನ್ನುವುದು ಅವಳಿಗೆ ಗೊತ್ತಾಗಿರಲಿಲ್ಲ.

ನಾಲ್ಕನೆಯದು ನಾಲ್ಕು ಸೊನ್ನೆ. ಅದರಲ್ಲಿ ಬ್ರಿಸೇಯ್ದಾ ಹನ್ನೆರಡು ಚೆಂಡು ತಡೆದಳು. ಬಾಗಿ ಬರುವ ಒದೆತಕ್ಕೆ ಒಂದು ಹೆಜ್ಜೆ ಮೊದಲೇ ಜಾರುವುದನ್ನು ಕಲಿತಿದ್ದಳು. ಐದನೇ ಶನಿವಾರ ಮೇ ತಿಂಗಳ ಮೊದಲ ವಾರ. ಹೂವೆಲ್ಲ ಉದುರಿ ಮರಗಳಲ್ಲಿ ಗೋಲಿ ಗಾತ್ರದ ಕಾಯಿ ಕೂತಿತ್ತು. ಎದುರಾಳಿ ಚಿನ್ನದಲ್ಲಿ ಎರಡನೇ ಸ್ಥಾನದ ತಂಡ. ಅರ್ಧ ಆಟಕ್ಕೆ ಒಂದಕ್ಕೊಂದು. ಆಮೇಲೆ ಎರಡಕ್ಕೆರಡು. ಬೌದೇಲಿಯೊ ಕೂಡ ಬಂದಿದ್ದ. ಟೋಪಿಯನ್ನು ತಿರುಚಿ ತಿರುಚಿ ಹಗ್ಗ ಮಾಡಿದ್ದ. ಮುಗಿಯಲು ಎರಡು ನಿಮಿಷ ಇದ್ದಾಗ ಮೂಲೆಯಿಂದ ಬಂದ ಚೆಂಡು ಯಾರದೋ ಭುಜಕ್ಕೆ ತಗುಲಿ ಒಳಗೆ ಹೋಯಿತು. ಮೂರು ಎರಡು. ಸೋತರು.

ಆ ದಿನ ಬ್ರಿಸೇಯ್ದಾ ಅತ್ತಳು. ಎಂಟು ತಿಂದ ದಿನ ಅಳದವಳು ಮೂರು ತಿಂದು ಬಿಕ್ಕಿ ಬಿಕ್ಕಿ ಅತ್ತಳು. ಫರ್ಮಿನ್ ಏನು ಮಾಡಬೇಕೆಂದು ತೋಚದೆ ಒಫೀಲಿಯಾಳ ಕಡೆ ನೋಡಿದ. ಅವಳು ಹೋಗಿ ಹುಡುಗಿಯ ಪಕ್ಕ ಹುಲ್ಲಿನ ಮೇಲೆ ಕೂತಳು.

"ಗೆಲ್ಲಬಹುದಿತ್ತು" ಅಂದಳು ಬ್ರಿಸೇಯ್ದಾ.

"ಹೌದು, ಗೆಲ್ಲಬಹುದಿತ್ತು."

"ಮುಂದಿನ ವಾರದಿಂದ ಕಂಚು."

"ಮುಂದಿನ ವಾರದಿಂದ ಕಂಚು" ಎಂದು ಒಫೀಲಿಯಾ ಒಪ್ಪಿಕೊಂಡಳು. ಸಮಾಧಾನ ಮಾಡಲು ಹೋಗಲಿಲ್ಲ. ಹುಡುಗಿ ತಾನಾಗಿಯೇ ಮುಖ ಒರೆಸಿಕೊಂಡು ಕಿತ್ತಳೆ ಹೋಳು ತಿನ್ನಲು ಎದ್ದು ಹೋದಳು.

ಕಂಚಿಗೆ ಇಳಿದ ಹುಡುಗಿಯರು ಉಳಿದ ಐದು ಪಂದ್ಯದಲ್ಲಿ ನಾಲ್ಕು ಗೆದ್ದು, ಒಂದರಲ್ಲಿ ಸಮ ಮಾಡಿಕೊಂಡು, ಶರತ್ಕಾಲಕ್ಕೆ ಬೆಳ್ಳಿಗೆ ಹತ್ತಿದರು. ಈ ಸಲ ಒಫೀಲಿಯಾ ಫರ್ಮಿನ್‌ಗೆ ತಾನೇ ಫೋನು ಮಾಡಿ, ತಂಡದ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಓದಿದಳು. ಅವನು ನಗುತ್ತ, "ಡೋನ್ಯಾ, ಊಟ ಹಾಕಿಸ್ಬಹುದಾ ಈಗ?" ಎಂದ. "ಹಾಕಿಸಿ. ಆದರೆ ನನಗೆ ತಮಾಲೆ ಕಳಿಸ್ಬೇಡಿ, ಗಂಟಲಲ್ಲಿ ಇಳಿಯೋಲ್ಲ" ಎಂದಳು. ಕಳಿಸಿದರು. ಇಳಿದವು.

ಜೂನಿನಲ್ಲಿ ಅವಳು ಡ್ವೇನ್‌ನ ಮೇವಿನ ಅಂಗಡಿಗೆ ಹೋಗಿ ರಾಜೀನಾಮೆ ಪತ್ರ ಕೊಟ್ಟಳು. ಅವನು ಓದಿ, ಮಡಿಸಿ, ಓಟ್ಸ್ ಚೀಲದ ಕೆಳಗೆ ತೂರಿಸಿದ. "ನೀನು ಬಿಟ್ರೆ ಯಾರು ಮಾಡ್ತಾರೆ? ನಾನಾ? ಈ ಅಂಗಡೀಲಿ ಕೋಳಿ ಕಾಳು ಎಲ್ಲಿದೆ ಅಂತ ನನಗೇ ಸಿಗೋಲ್ಲ."

"ಮತ್ತೆ ತಪ್ಪಾದ್ರೆ?"

"ಎರಡನೇ ಕಣ್ಣು ಬೇಕು ಅಷ್ಟೆ. ಒಬ್ಬ ಬಂದು ಕೇಳಿದ್ದಾನೆ ಆಗಲೇ."

ಕೇಳಿದವನು ಲಿಂಡ್‌ಕ್ವಿಸ್ಟ್. ಶರತ್ಕಾಲದ ಪಟ್ಟಿಗೆಂದು ಆಗಸ್ಟಿನ ಒಂದು ಭಾನುವಾರ ಅವಳ ಅಡುಗೆಮನೆಗೆ ಬಂದ. ಹಲ್ಲು ನೋಡುವಾಗ ಹಾಕುವ ದುರ್ಬೀನಿನಂಥ ಕನ್ನಡಕ ಹಾಕಿಕೊಂಡು ಕೂತು, ಒಂದೊಂದು ಹೆಸರನ್ನೂ ಜೋರಾಗಿ ಓದಿದ. ಅವಳು ಟೈಪು ಮಾಡಿದಳು. ಮಧ್ಯಾಹ್ನದೊಳಗೆ ಹನ್ನೊಂದು ಸಲ ಜಗಳವಾಯಿತು. ತನ್ನ ತಂಡಕ್ಕೆ ಬೆಳಗಿನ ಹೊತ್ತು ಬೇಕು ಅಂದ, ಕೊಡಲಿಲ್ಲ. ಬೌದೇಲಿಯೊ ಇಬ್ಬರ ಮುಂದೆಯೂ ಜೋಳ, ಮಾಂಸ ಹಾಕಿದ ಪೊಜೋಲೆ ಸಾರಿನ ಬಟ್ಟಲಿಟ್ಟು, "ಡಾಕ್ಟ್ರೇ, ಮೂವತ್ನಾಲ್ಕು ವರ್ಷದಿಂದ ಪ್ರಯತ್ನ ಮಾಡ್ತಿದ್ದೀನಿ, ಇವಳ ಜೊತೆ ವಾದ ಮಾಡಿ ಬೆಳಗಿನ ಹೊತ್ತಿರ್ಲಿ, ಸಂಜೆಯೂ ಸಿಕ್ಕಿಲ್ಲ. ಆರೋಗುತ್ತೆ, ತಿನ್ನಿ" ಎಂದ. ಡಾಕ್ಟರ್ ಎರಡು ಬಟ್ಟಲು ತಿಂದ.

ಆ ಶರತ್ಕಾಲದಲ್ಲಿ ಇನ್ನೊಂದು ಸಂಗತಿ ನಡೆಯಿತು. ಅಕ್ಟೋಬರಿನ ಒಂದು ಶನಿವಾರ ಒಫೀಲಿಯಾ ಸುಮ್ಮನೆ ಮೈದಾನಕ್ಕೆ ಹೋಗಿದ್ದಳು. ಹನ್ನೆರಡರ ಒಳಗಿನ ಕಂಚಿನ ಪಂದ್ಯ. ಅವಳ ಗುರುತಿನವರು ಯಾರೂ ಇರಲಿಲ್ಲ. ಗೆರೆಯ ಬದಿ ಬಾವುಟ ಹಿಡಿಯುವವನು ಬಂದಿರಲಿಲ್ಲ. ರೆಫರಿ, ಹೈಸ್ಕೂಲು ಓದುವ ಹುಡುಗಿ, ಸುತ್ತ ನೋಡಿ ಬಾವುಟವನ್ನು ಅವಳ ಕೈಗಿತ್ತಳು. "ಚೆಂಡು ಗೆರೆ ದಾಟಿದ್ರೆ ಎತ್ತಿ. ಬೇರೇನೂ ನೋಡ್ಬೇಡಿ."

ಹದಿನೇಳು ವರ್ಷ ಕಾಗದದ ಮೇಲೆ ಪಂದ್ಯ ಹೂಡಿದವಳು ಮೊದಲ ಸಲ ಗೆರೆಯ ಮೇಲೆ ನಿಂತಳು. ಸಿಳ್ಳೆ ಬಿತ್ತು. ಹುಡುಗಿಯರು ಅವಳ ಕಡೆಗೇ ನುಗ್ಗಿ ಬಂದರು. ಬೂಟುಗಳ ಸದ್ದು, ಉಸಿರಿನ ಸದ್ದು, ಒಬ್ಬರನ್ನೊಬ್ಬರು ಕರೆಯುವ ಕೂಗು ಇಷ್ಟು ಹತ್ತಿರದಿಂದ ಅವಳಿಗೆ ಕೇಳಿರಲೇ ಇಲ್ಲ. ಅವಳೂ ಓಡಿದಳು. ಬಸ್ಸಿನ ಪೆಡಲು ತುಳಿಯುವ ದಪ್ಪ ಅಟ್ಟೆಯ ಬೂಟಿನಲ್ಲಿ, ಒಂದು ಕೈಯಲ್ಲಿ ಸ್ಕರ್ಟು ಎತ್ತಿ ಹಿಡಿದು, ಇನ್ನೊಂದರಲ್ಲಿ ಬಾವುಟ ಹಿಡಿದು ಓಡಿದಳು.

"ಆಫ್‌ಸೈಡ್! ಆಫ್‌ಸೈಡ್ ಅದು! ಕಣ್ಣು ಕಾಣೋಲ್ವಾ?" ಎಂದು ಬೇಲಿಯ ಹಿಂದಿನಿಂದ ಒಬ್ಬ ತಂದೆ ಅರಚಿದ.

"ಚೆಂಡು ಒಳಗಿದ್ಯಾ ಹೊರಗಿದ್ಯಾ ಅಷ್ಟೇ ನನ್ನ ಕೆಲಸ ಕಣಪ್ಪ" ಎಂದು ಒಫೀಲಿಯಾ ಓಡುತ್ತಲೇ ಕೂಗಿ ಹೇಳಿದಳು. "ಉಳಿದಿದ್ದಕ್ಕೆ ಸೋಮವಾರ ಫೋನು ಮಾಡು!"

ಚೆಂಡು ಗೆರೆ ದಾಟಿ ಹುಲ್ಲಿಗೆ ಉರುಳಿತು. ಅವಳು ಬಾವುಟ ಎತ್ತಿದಳು.